ಕಾಕಾ ಹಾರ್ಟ್ ಅಟ್ಯಾಕ್‌ನಿಂದ ಸತ್ತಿರಲಿಲ್ಲ

ನಮ್ಮ ಕಾಕಾ ತೀರಿಕೊಂಡಾಗ ಮಣ್ಣಿಗೆ ಬಂದವರಿಗೆಲ್ಲ ಹಾರ್ಟ್ ಅಟ್ಯಾಕ್ ಅಂತ ಹೇಳಿದ್ದೆವು. ಸುಳ್ಳು. ಕುಡಿದು ಕುಡಿದು ಲಿವರ್ ಹೋಗಿತ್ತು. ಓಣಿಗೆಲ್ಲ ಗೊತ್ತಿತ್ತು. ಆದರೂ ನಾವು ಹೇಳಿದೆವು, ಅವರು ಹೌದೌದು ಅಂದರು.

ಇದನ್ನು ಈಗ ಬರೆಯಲು ಕಾರಣ ನೋರಾ ವೋಲ್ಕೊವ್. 1956ರಲ್ಲಿ ಮೆಕ್ಸಿಕೋದಲ್ಲಿ ಹುಟ್ಟಿದ ವೈದ್ಯೆ, ಮೆದುಳಿನ ವಿಜ್ಞಾನಿ. 2003ರಲ್ಲಿ ಅಮೆರಿಕ ಸರ್ಕಾರದ ಮಾದಕ ವ್ಯಸನ ಸಂಶೋಧನಾ ಸಂಸ್ಥೆಗೆ ನಿರ್ದೇಶಕಿಯಾದರು. ಅವರ ತಾಯಿಯ ತಂದೆ ಹೃದಯದ ಕಾಯಿಲೆಯಿಂದ ಸತ್ತರು ಅಂತಲೇ ಮನೆಯಲ್ಲಿ ಹೇಳಿದ್ದರಂತೆ. ಮಗಳು ವ್ಯಸನದ ಮೇಲೆಯೇ ಸಂಶೋಧನೆ ಮಾಡುತ್ತಿದ್ದರೂ ತಾಯಿ ಬಾಯಿ ಬಿಟ್ಟಿರಲಿಲ್ಲ. ತಮ್ಮ ಕೊನೆಗಾಲದಲ್ಲಿ ಹೇಳಿದರು: ಅಜ್ಜ ಕುಡಿತ ಬಿಡಲಾಗದೆ ತಾವೇ ಜೀವ ಕಳೆದುಕೊಂಡಿದ್ದರು. ಓದಿ ಸುಮಾರು ಹೊತ್ತು ಸುಮ್ನೆ ಕೂತೆ. ಎಲ್ಲಿಯ ಮೆಕ್ಸಿಕೋ, ಎಲ್ಲಿಯ ಕಲಬುರಗಿ!

ಕಾಕಾ ಗಂಜ್‌ನ ದಾಲ್ ಮಿಲ್‌ನಲ್ಲಿ ಹಮಾಲಿ. ಭಜನೆಯಲ್ಲಿ ದಮ್ಮಡಿ ಅವರ ಕೈಗೇ ಬರಬೇಕು. ತತ್ವಪದ ಶುರುವಾದರೆ ಕೋಳಿ ಕೂಗುವ ತನಕ ಏಳುತ್ತಿರಲಿಲ್ಲ. ಮೊದಲು ಕುಡಿಯುತ್ತಿದ್ದದ್ದು ಪ್ಯಾಕೆಟ್ ಸಾರಾಯಿ. 2007ರ ಜುಲೈ 1ರಿಂದ ಸಾರಾಯಿ ಬಂದ್ ಆದಾಗ ಅವ್ವ ದೇವರಿಗೆ ಕಾಯಿ ಒಡೆದಳು. ಕಾಕಾ ವೈನ್ ಶಾಪಿಗೆ ಹೋದರು. ಬರಬರುತ್ತಾ ದಮ್ಮಡಿ ಗೂಟ ಸೇರಿತು. ಭಜನೆಯವರು ಕರೆಯಲು ಬಂದರೆ ಎದ್ದು ಹೊರಗೆ ಹೋಗುತ್ತಿದ್ದರು. ಹುಗ್ಗಿ ಮಾಡಿದರೂ ಅಷ್ಟೇ, ಮಕ್ಕಳು ಮೈಮೇಲೆ ಬಿದ್ದರೂ ಅಷ್ಟೇ. ಸೊಕ್ಕು ಅಂದೆವು ನಾವು.

ವೋಲ್ಕೊವ್ ತಂಡ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ವ್ಯಸನಿಗಳ ಮೆದುಳನ್ನು ಪೆಟ್ ಸ್ಕ್ಯಾನ್ ಮಾಡಿ ನೋಡಿತು. ಯಾವುದು ಬೇಕು, ಯಾವುದರ ಹಿಂದೆ ಹೋಗಬೇಕು ಅನ್ನುವುದರಲ್ಲಿ ಡೊಪಮೈನ್ ಅನ್ನುವ ಮೆದುಳಿನ ರಾಸಾಯನಿಕದ್ದು ದೊಡ್ಡ ಪಾತ್ರ. ಅದನ್ನು ಹಿಡಿದುಕೊಳ್ಳುವ ಡಿ2 ರಿಸೆಪ್ಟರ್‌ಗಳು ಕೊಕೇನ್ ಚಟದವರಲ್ಲಿ ಕಡಿಮೆ ಇದ್ದವು, ಬಿಟ್ಟು ತಿಂಗಳುಗಳಾದ ಮೇಲೂ. ಕುಡಿತದವರಲ್ಲೂ ಹಾಗೇ. ಅಂಥ ಮೆದುಳಿಗೆ ಹುಗ್ಗಿ, ಪದ, ಮಕ್ಕಳ ನಗು ಹೇಗೆ ನಾಟಬೇಕು?

ಒಮ್ಮೆ ಕಾಕಾ ಪಂಢರಪುರಕ್ಕೆ ಹೋಗಿ ತುಳಸಿ ಮಾಲೆ ಹಾಕಿಕೊಂಡು ಬಂದರು. ಐದು ತಿಂಗಳು ಮುಟ್ಟಲಿಲ್ಲ. ದಮ್ಮಡಿ ಕೆಳಗಿಳಿಯಿತು. ಒಂದು ಶನಿವಾರ, ಬಟವಾಡೆ ದಿನ, ಅವರ ಜೊತೆ ನಡೆದು ಬರುತ್ತಿದ್ದೆ. ವೈನ್ ಶಾಪ್ ಮುಂದೆ ಕ್ರೇಟ್ ಇಳಿಸುತ್ತಿದ್ದರು. ಬಾಟಲಿ ಒಂದಕ್ಕೊಂದು ತಾಗುವ ಸದ್ದು. ಕಾಕಾ ನಿಂತುಬಿಟ್ಟರು. ಚಳಿಗಾಲ, ಆದರೂ ಹಣೆ ಬೆವರಿತ್ತು. "ನಾ ಬ್ಯಾಡ ಅಂತೀನಿ ಯವ್ವಾ, ಕಾಲು ಕೇಳವಲ್ಲವು" ಅಂದರು. ನನಗೆ ಸಿಟ್ಟು ಬಂತು. "ಮನಸ್ಸು ಗಟ್ಟಿ ಮಾಡ್ರಿ ಕಾಕಾ" ಅಂದೆ. ಅವತ್ತು ರಾತ್ರಿ ಮಾಲೆ ತೆಗೆದು ದೇವರ ಜಗಲಿ ಮೇಲಿಟ್ಟು ಹೊರಗೆ ಹೋದರು.

2006ರಲ್ಲಿ ವೋಲ್ಕೊವ್ ಪ್ರಕಟಿಸಿದ ಅಧ್ಯಯನ ಓದಿದಾಗ ಆ ಸದ್ದೇ ಕಿವಿಯಲ್ಲಿ. 18 ಜನ ಕೊಕೇನ್ ವ್ಯಸನಿಗಳಿಗೆ ಬರೀ ವಿಡಿಯೋ ತೋರಿಸಿದ್ದರು, ಬೇರೆಯವರು ಕೊಕೇನ್ ಸೇದುವುದು. ಅಷ್ಟಕ್ಕೇ ಡೊಪಮೈನ್ ಏರಿತ್ತು. ಜಾಸ್ತಿ ಏರಿದವರಿಗೆ ಬಯಕೆಯೂ ಜಾಸ್ತಿ. ಕಾಕಾ ಹೇಳಿದ್ದು ನಿಜವೇ ಇತ್ತಲ್ವಾ.

ಮಾಲೆ ತಪ್ಪು ಅನ್ನುವುದಿಲ್ಲ. ಆ ಐದು ತಿಂಗಳು ಕೊಟ್ಟದ್ದು ಅದೇ. ಆದರೆ ಸಕ್ಕರೆ ಕಾಯಿಲೆಯವರಿಗೆ ಆಣೆ ಹಾಕಿಸಿ ಸುಮ್ಮನೆ ಕೂರುತ್ತೇವಾ? ಆಮೇಲೆ ನಾವು ಮಾಡಿದ್ದು ಇನ್ನೂ ಕೆಟ್ಟದ್ದು. ಕೋಣೆಯಲ್ಲಿ ಹಾಕಿ ಚಿಲಕ ಹಾಕಿದೆವು. ಎರಡನೇ ದಿನ ಫಿಟ್ಸ್ ಬಂತು. ದಿನಾ ಜಾಸ್ತಿ ಕುಡಿಯುವವರಿಗೆ ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ, ದಯವಿಟ್ಟು ಹಾಗೆ ಮಾಡಬೇಡಿ. ಆಸ್ಪತ್ರೆಯೊಂದರಲ್ಲಿ ಸಲೈನ್ ಹಚ್ಚಿ, ಬೈದು ಕಳಿಸಿದರು. ಮಾನಸಿಕ ವೈದ್ಯರಿಗೆ ತೋರಿಸಿ ಅಂತ ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಕುಡಿಯುವ ಬಯಕೆ ತಗ್ಗಿಸುವ ಮಾತ್ರೆಗಳಿವೆ. ಎಲ್ಲಿಗೆ ಹೋಗಬೇಕು ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ದುಡ್ಡಿಲ್ಲ.

ಮೆತ್‌ಆಂಫೆಟಮಿನ್ ಅನ್ನುವ ಮಾದಕ ವಸ್ತು ಬಿಟ್ಟು ವರ್ಷ ದಾಟಿದವರ ಮೆದುಳು ಒಂದಿಷ್ಟು ಚೇತರಿಸಿಕೊಂಡಿದ್ದನ್ನೂ ಇದೇ ತಂಡ 2001ರಲ್ಲಿ ತೋರಿಸಿತ್ತು. ಕಾಕಾಗೆ ಸಿಕ್ಕಿದ್ದು ಐದೇ ತಿಂಗಳು.

ಮೊನ್ನೆ ಕಾಕಾನ ಮೊಮ್ಮಗ ಗೂಟದ ಮೇಲಿನ ದಮ್ಮಡಿ ಕೈಗೆ ತಗೊಂಡು, ಅಜ್ಜ ಹೆಂಗ ಸತ್ತ ಅಂತ ಕೇಳಿದ. ಅವ್ವ ಹಾರ್ಟ್ ಅಂತ ಶುರು ಮಾಡಿದಳು. ನಾನು ಹುಡುಗನನ್ನು ಪಕ್ಕಕ್ಕೆ ಕೂರಿಸಿಕೊಂಡೆ. ಮೊದಲು ಅಜ್ಜನ ಭಜನೆಯ ಬಗ್ಗೆ ಹೇಳಿದೆ. ಆಮೇಲೆ ಉಳಿದದ್ದನ್ನೂ ಹೇಳಿದೆ.