ಹೊಲದಂಚಿನಲ್ಲಿ ಬಿಟ್ಟ ತೆನೆ

‘ಹಳೆಯ ಒಡಂಬಡಿಕೆಯ ದೇವರು ಬರೀ ಕೋಪದವನು, ಪ್ರೀತಿಯ ಮಾತು ಬಂದದ್ದು ಯೇಸುವಿನಿಂದ’ ಎಂದು ಓದಿಕೊಂಡವರೂ ಹೇಳುವುದನ್ನು ಕೇಳಿದಾಗಲೆಲ್ಲ ನನಗೆ ನೋವಾಗುತ್ತದೆ. ‘ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು’ ಎಂಬ ಆಜ್ಞೆಯನ್ನು ಯೇಸು ಎತ್ತಿಕೊಂಡದ್ದೇ ಯೆಹೂದ್ಯರ ತೋರಾದಿಂದ, ಅಂದರೆ ಹಳೆಯ ಒಡಂಬಡಿಕೆಯ ಮೊದಲ ಐದು ಪುಸ್ತಕಗಳಿಂದ, ಅವುಗಳಲ್ಲೊಂದಾದ ಯಾಜಕಕಾಂಡದ 19ನೆಯ ಅಧ್ಯಾಯದಿಂದ.

ಆ ವಾಕ್ಯದ ಹೀಬ್ರೂ ರೂಪ ‘ವೆಅಹವ್ತಾ ಲೆರೇಅಖಾ ಕಾಮೋಖಾ’. ಪ್ರೀತಿಸು ಎಂಬ ಕ್ರಿಯಾಪದದೊಡನೆ ಹೀಬ್ರೂವಿನಲ್ಲಿ ಸಾಮಾನ್ಯವಾಗಿ ನಮ್ಮ ‘ಅನ್ನು’ ಪ್ರತ್ಯಯಕ್ಕೆ ಸಮನಾದದ್ದು ಬರುತ್ತದೆ. ಇಲ್ಲಿ ಬಂದಿರುವುದು ‘ಲೆ’, ಅಂದರೆ ನಮ್ಮ ‘ಗೆ’. ನೆರೆಯವನನ್ನು ಅಲ್ಲ, ನೆರೆಯವನಿಗೆ. 13ನೆಯ ಶತಮಾನದ ಯೆಹೂದಿ ಪಂಡಿತ ರಂಬಾನ್ ಈ ವ್ಯತ್ಯಾಸವನ್ನು ಗುರುತಿಸಿ, ನಿನಗೆ ಬಯಸುವ ಒಳಿತನ್ನೆಲ್ಲ ಅವನಿಗೂ ಬಯಸು ಎಂದು ಅರ್ಥೈಸಿದ. ದ್ವಿತೀಯೆಗೂ ಚತುರ್ಥಿಗೂ ಇರುವ ಅಂತರವನ್ನು ಶಾಲೆಯಲ್ಲೇ ಕಲಿತ ನಮಗೆ ಇದು ಸುಲಭವಾಗಿ ದಕ್ಕಬೇಕು.

ಪ್ರೀತಿಸೆಂದು ಆಜ್ಞಾಪಿಸುವುದು ಹೇಗೆ ಸಾಧ್ಯ ಎಂದು ಕೇಳುವವರಿದ್ದಾರೆ. ಆ ಕಾಲದ ಪಶ್ಚಿಮ ಏಷ್ಯಾದಲ್ಲಿ ಪ್ರೀತಿ ಎಂಬ ಪದಕ್ಕೆ ನಿಷ್ಠೆಯ ಅರ್ಥವೂ ಇತ್ತು, ಕ್ರಿ.ಪೂ. 672ರಲ್ಲಿ ಅಶ್ಶೂರದ ದೊರೆ ಏಸರ್ಹದ್ದೋನನು ಸಾಮಂತರಿಗೆ ವಿಧಿಸಿದ ಒಪ್ಪಂದದಲ್ಲಿ, ಪಟ್ಟಕ್ಕೆ ಬರಲಿರುವ ತನ್ನ ಮಗನನ್ನು ನಿಮ್ಮಂತೆಯೇ ಪ್ರೀತಿಸಬೇಕೆಂಬ ಷರತ್ತಿದೆ. ಆದರೆ ಅಲ್ಲಿ ಪ್ರೀತಿಗೆ ಪಾತ್ರನಾದವನು ಯುವರಾಜ. ಯಾಜಕಕಾಂಡದಲ್ಲಾದರೋ ನೆರೆಯವನು, ಅದೇ ಅಧ್ಯಾಯದ 34ನೆಯ ವಚನದಲ್ಲಿ ಪರದೇಶಿ: ‘ನೀವೂ ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ಪರದೇಶಿಗಳಾಗಿದ್ದಿರಲ್ಲವೇ’ ಎಂಬ ಕಾರಣದೊಡನೆ. ಆಸುಪಾಸಿನ ವಚನಗಳಲ್ಲಿರುವುದು ಕೂಲಿಯವನ ಕೂಲಿಯನ್ನು ಬೆಳಗಿನವರೆಗೆ ಇಟ್ಟುಕೊಳ್ಳಬೇಡ, ಕುರುಡನ ದಾರಿಯಲ್ಲಿ ಅಡ್ಡಿಯಿಡಬೇಡ, ಹೊಲದ ಅಂಚನ್ನು ಪೂರ್ತಿ ಕೊಯ್ಯದೆ ಬಡವನಿಗೂ ಪರದೇಶಿಗೂ ಬಿಡು ಎಂಬ ಮಾತುಗಳು.

ಹೀಗೆ ಬಿಟ್ಟ ತೆನೆಯನ್ನು ಆಯಲು ಬಂದವಳೇ ಹಳೆಯ ಒಡಂಬಡಿಕೆಯ ರೂತಳ ಪುಸ್ತಕದ ರೂತಳು. ನೆರೆನಾಡಾದ ಮೋವಾಬಿನವಳು, ವಿಧವೆ. ಮೋವಾಬ್ಯರನ್ನು ಇಸ್ರಾಯೇಲರ ಸಭೆಗೆ ಸೇರಿಸಬಾರದೆಂದು ತೋರಾದ ಇನ್ನೊಂದು ಪುಸ್ತಕವಾದ ಧರ್ಮೋಪದೇಶಕಾಂಡವೇ ಹೇಳುತ್ತದೆ. ಹೊಲದ ಒಡೆಯ, ಬೇತ್ಲೆಹೇಮಿನ ಬೋವಜನು ಸಿವುಡುಗಳಿಂದ ಒಂದಷ್ಟು ತೆನೆಗಳನ್ನು ಬೇಕೆಂದೇ ಕಿತ್ತು ಬಿಡಿರೆಂದು ಆಳುಗಳಿಗೆ ಹೇಳುತ್ತಾನೆ. ಸಂಜೆಯವರೆಗೆ ಹಕ್ಕಲಾಯ್ದು, ಬಡಿದು, ಜವೆಗೋಧಿಯನ್ನು ಹೊತ್ತು ತಂದ ರೂತಳು, ಮಧ್ಯಾಹ್ನ ತಾನು ಉಂಡು ಉಳಿಸಿದ್ದ ಹುರಿದ ಕಾಳನ್ನೂ ತೆಗೆದು ಅತ್ತೆ ನೊವೊಮಿಗೆ ಕೊಡುತ್ತಾಳೆ.

ಈ ಕಥೆಯಲ್ಲಿ ಮತ್ತೆ ಮತ್ತೆ ಬರುವ ಪದ ‘ಹೆಸೆದ್’. ನಮ್ಮ ಬೈಬಲ್ಲಿನಲ್ಲಿ ಅದು ಹೆಚ್ಚಾಗಿ ‘ಕೃಪೆ’ ಎಂದಾಗಿದೆ. ಕೃಪೆ ಎಂದೊಡನೆ ನಮ್ಮ ಕಣ್ಣು ಮೇಲಕ್ಕೆ ಹೋಗುತ್ತದೆ, ಅದು ದೊಡ್ಡವರು ಚಿಕ್ಕವರಿಗೆ ತೋರುವಂಥದ್ದು. ಹೆಸೆದ್ ಅನ್ನು ಏನೂ ಇಲ್ಲದ ಸೊಸೆಯೂ ಏನೂ ಇಲ್ಲದ ಅತ್ತೆಗೆ ತೋರಬಲ್ಲಳು; ಕಟ್ಟುಪಾಡು ಮುಗಿದ ಮೇಲೂ ಕೈಬಿಡದಿರುವುದು ಅದು. ನನ್ನ ಮಟ್ಟಿಗೆ ‘ಋಣ’ ಎಂಬ ನಮ್ಮ ಪದವೇ ಅದಕ್ಕೆ ಹೆಚ್ಚು ಹತ್ತಿರ, ತೀರಿಸಬೇಕೆಂಬ ಲೆಕ್ಕವನ್ನು ಅದರಿಂದ ಕಳೆದರೆ.

ಅಹವಾ, ಅಂದರೆ ಪ್ರೀತಿ, ಆ ಧಾತುವಿನ ಮಾತು ಇಡೀ ರೂತಳ ಪುಸ್ತಕದಲ್ಲಿ ಬರುವುದು ಒಂದೇ ಸಲ, ಅದೂ ಕೊನೆಯಲ್ಲಿ. ಗಂಡಹೆಂಡಿರ ಬಗ್ಗೆ ಅಲ್ಲ. ಬೋವಜನನ್ನು ಮದುವೆಯಾದ ರೂತಳು ಹೆತ್ತ ಮಗುವನ್ನು ಕಂಡ ಊರಿನ ಹೆಂಗಸರು ನೊವೊಮಿಗೆ ಹೇಳುತ್ತಾರೆ: ನಿನ್ನನ್ನು ಪ್ರೀತಿಸುವ ಸೊಸೆ ಇವನನ್ನು ಹೆತ್ತಿದ್ದಾಳೆ, ಅವಳು ನಿನಗೆ ಏಳು ಗಂಡುಮಕ್ಕಳಿಗಿಂತ ಮೇಲು.