ಮಗೂಗೆ ಸಂಧಿವಾತ ಇರೋದನ್ನ ಇಡೀ ಕ್ಲಾಸಿಗೆ ಹೇಳ್ಬೇಕಾ? ಪರ-ವಿರೋಧ

ಪರ

ಹೇಳ್ಬೇಕು. ಟೀಚರ್‌ಗೆ ಮಾತ್ರ ಅಲ್ಲ, ಜೊತೆಲಿ ಓದೋ ಮಕ್ಕಳಿಗೂ. 16 ವರ್ಷ ತುಂಬೋಕೆ ಮುಂಚೆ ಸಂಧಿವಾತ ಶುರುವಾಗಿ, 6 ವಾರ ಆದ್ರೂ ಕೀಲು ಬಾವು ಇಳೀದೆ, ಬೇರೆ ಕಾರಣನೂ ಸಿಗ್ಲಿಲ್ಲ ಅಂದ್ರೆ ಡಾಕ್ಟರ್‌ಗಳು ಜುವೆನೈಲ್ ಇಡಿಯೋಪಥಿಕ್ ಆರ್ಥ್ರೈಟಿಸ್, ಅಂದ್ರೆ ಜೆಐಎ ಅಂತಾರೆ. ಇದರ ಕಷ್ಟ ಏನಪ್ಪಾ ಅಂದ್ರೆ ಬೆಳಗ್ಗೆ ಕೀಲೆಲ್ಲ ಬಿಗಿದುಕೊಂಡಿರತ್ತೆ, ಬಿಸಿನೀರು ಹುಯ್ಕೊಂಡು ಸ್ವಲ್ಪ ಓಡಾಡಿದ್ಮೇಲೆ ಸಡಿಲ ಆಗತ್ತೆ, ಹಂಗಾಗಿ ಪ್ರೇಯರ್ ಟೈಮಲ್ಲಿ ಕುಂಟ್ತಿದ್ದ ಹುಡುಗಿ ಮಧ್ಯಾಹ್ನ ಕುಂಟೆಬಿಲ್ಲೆ ಆಡ್ತಿರ್ತಾಳೆ, ನೋಡಿದೋರು "ಪಿಟಿ ತಪ್ಪಿಸ್ಕೊಳಕ್ಕೆ ನಾಟಕ" ಅಂದ್ಬಿಡ್ತಾರೆ. ನೋವು ಹೆಂಗೋ ತಡ್ಕೊಳ್ಳೋ ಮಗು ಈ ಮಾತಿಗೆ ಕುಗ್ಗಿ ಹೋಗತ್ತೆ.

ಸ್ಟೆರಾಯ್ಡ್ ತಗೊಂಡು ಕೆನ್ನೆ ಊದ್ಕೊಂಡಾಗ ಅಡ್ಡಹೆಸರು ಇಡ್ತಾರೆ. ಕೀಲಿನ ಉರಿಯೂತ ತಗ್ಗಿಸೋ ಮೆಥೊಟ್ರೆಕ್ಸೇಟ್ ಅನ್ನೋ ಔಷಧಿ ವಾರಕ್ಕೊಂದು ಸಲ, ಅದಾದ್ಮೇಲೆ ಹೊಟ್ಟೆ ತೊಳಸತ್ತೆ, ಎಷ್ಟೋ ಮಕ್ಕಳಿಗೆ ಆ ಔಷಧಿಯ ಹಳದಿ ಬಣ್ಣ ನೋಡಿದ್ರೇನೇ ವಾಕರಿಕೆ. ಮಾರನೇ ದಿನ ಡಲ್ಲಾಗಿ ಕೂತಿರೋದು ಯಾಕೆ ಅಂತ ಪಕ್ಕದ ಬೆಂಚಿನವಳಿಗೆ ಗೊತ್ತಿದ್ರೆ ಅವಳೇ ನೋಟ್ಸ್ ಕೊಡ್ತಾಳೆ, ಬ್ಯಾಗೂ ಹಿಡ್ಕೋತಾಳೆ. ಮಕ್ಕಳಿಗೆ ಬಿಡಿಸಿ ಹೇಳಿದ್ರೆ ಅರ್ಥ ಆಗತ್ತೆ ರೀ, ಏನೂ ಹೇಳ್ದೆ ಬಿಟ್ರೇನೇ ಅವರು ಇಲ್ಲದ್ದೆಲ್ಲ ಊಹೆ ಮಾಡ್ಕೊಳ್ಳೋದು. ಆಮೇಲೆ, ತುಂಬ ಹೊತ್ತು ಕೂತ್ರೆ ಕಾಲು ಹಿಡ್ಕೊಳತ್ತೆ, ಆಗಾಗ ಎದ್ದು ನಾಲ್ಕು ಹೆಜ್ಜೆ ಓಡಾಡ್ಲೇಬೇಕು. ಅದಕ್ಕೂ ಸುಳ್ಳು ನೆಪ ಹುಡುಕ್ಬೇಕಾ ಆ ಮಗು?

ವಿರೋಧ

ಕ್ಲಾಸ್ ಟೀಚರ್‌ಗೆ, ಪಿಟಿ ಟೀಚರ್‌ಗೆ ಖಂಡಿತ ಹೇಳಿ. ಇಡೀ ಕ್ಲಾಸಿಗೆ ಬೇಡ. ಕಾಯಿಲೆ ಮಗೂದು, ಯಾರಿಗೆ ಹೇಳ್ಬೇಕು ಅನ್ನೋದೂ ಮಗೂನೇ ತೀರ್ಮಾನ ಮಾಡ್ಲಿ.

ನಮ್ಮಲ್ಲಿ ಕ್ಲಾಸಲ್ಲಿ ಹೇಳಿದ್ದು ಸಂಜೆಗೆ ವ್ಯಾನಲ್ಲಿ, ರಾತ್ರಿ ಹೊತ್ತಿಗೆ ಬೀದಿಲಿ. ಶುರುವಾಗತ್ತೆ ನೋಡಿ, ಆಲೂಗಡ್ಡೆ ವಾಯು, ಕೊಡ್ಬೇಡಿ, ಎಣ್ಣೆ ಹಾಕಿ ತಿಕ್ಕಿಸಿ, ಆ ಇಂಗ್ಲಿಷ್ ಔಷಧಿ ನಿಲ್ಸಿಬಿಡಿ. ಹಿಂಗೆ ಹೇಳಿದ್ದನ್ನ ಕೇಳಿ ಔಷಧಿ ನಿಲ್ಸಿದ್ರೆ ಕೀಲು ಶಾಶ್ವತವಾಗಿ ಹಾಳಾಗ್ಬೋದು, ಕೆಲವು ಮಕ್ಕಳಲ್ಲಿ ಕಣ್ಣಿನೊಳಗೂ ಉರಿಯೂತ ಬರತ್ತೆ, ಎಷ್ಟೋ ಸಲ ಕೆಂಪಾಗಲ್ಲ ನೋವಾಗಲ್ಲ, ಸ್ಲಿಟ್ ಲ್ಯಾಂಪಲ್ಲಿ (ಕಣ್ಣಿನ ಡಾಕ್ಟರ್ ಕಣ್ಣೊಳಗೆ ನೋಡೋ ಯಂತ್ರ) ಆಗಾಗ ಚೆಕ್ ಮಾಡಿಸ್ತಿದ್ರೆ ಮಾತ್ರ ಗೊತ್ತಾಗೋದು. ಹುಡುಗಿ ಆದ್ರಂತೂ 9 ವರ್ಷದ ಮಗು ಮುಂದೆನೇ "ಮುಂದೆ ಮದುವೆ ಹೆಂಗಮ್ಮಾ" ಅಂತಾರೆ. ಇದನ್ನ ಕೇಳಿದ ಮಗು ರಾತ್ರಿ ಏನು ಯೋಚ್ನೆ ಮಾಡತ್ತೆ ಹೇಳಿ.

ಡಾಕ್ಟರ್ ಈಜು, ಸೈಕ್ಲಿಂಗ್ ಎಲ್ಲ ಒಳ್ಳೇದು ಅಂತಾರೆ, ಆದ್ರೆ "ಪಾಪ" ಅನ್ನೋದು ಒಂದ್ಸಲ ಅಂಟಿತು ಅಂದ್ರೆ ಯಾವ ಟೀಮಿಗೂ ಕರಿಯಲ್ಲ, ಟ್ರಿಪ್ಪಿಗೂ ಬೇಡ ಅಂತಾರೆ. ಬಾವು ಇಳಿದು ಎಷ್ಟೋ ಮಕ್ಕಳು ಆರಾಮಾಗಿ ಓಡಾಡ್ಕೊಂಡಿರ್ತಾರೆ, ಆ ಹಣೆಪಟ್ಟಿ ಮಾತ್ರ ಹಂಗೇ ಇರತ್ತೆ.

ಇನ್ನೊಂದು ವಿಷ್ಯ. ಇಂಥ ಮಕ್ಕಳ ಜೀವನದ ಗುಣಮಟ್ಟ ಅಳೆಯೋಕೆ ಪೆಡ್ಸ್‌ಕ್ಯೂಎಲ್ ಅಂತ ಒಂದು ಫಾರ್ಮ್ ಇದೆ, 5 ವರ್ಷದ ಮೇಲೆ ಮಗೂಗೇ ಬೇರೆ, ಅಪ್ಪ-ಅಮ್ಮಂಗೆ ಬೇರೆ. ತನ್ನ ಕಾಯಿಲೆ ಬಗ್ಗೆ ಬೇರೆಯವರಿಗೆ ವಿವರಿಸೋದು ಕಷ್ಟ ಆಗತ್ತಾ ಅಂತಾನೂ ಅದ್ರಲ್ಲಿ ಕೇಳ್ತಾರೆ. ಇಬ್ಬರ ಉತ್ತರ ಎಷ್ಟೋ ಸಲ ತಾಳೆನೇ ಆಗಲ್ಲ. ಅಂದ್ಮೇಲೆ ಅಮ್ಮ ಕ್ಲಾಸಿನ ಮುಂದೆ ನಿಂತು ಯಾರ ನೋವು ಹೇಳ್ತಾಳೆ? ಮಣಿಕಟ್ಟು ನೋವಿಂದ ಎಕ್ಸಾಮಲ್ಲಿ ಎಕ್ಸ್‌ಟ್ರಾ ಟೈಮ್ ಬೇಕಿದ್ರೆ ಸರ್ಟಿಫಿಕೇಟ್ ಹೆಡ್‌ಮಿಸ್ ಕೈಗೆ ಕೊಟ್ರೆ ಸಾಕು, ಹಿಂದಿನ ಬೆಂಚಿನವರಿಗೆ ಅದ್ರ ಜೆರಾಕ್ಸ್ ಯಾಕೆ ಬೇಕು?