ಒಂದು ಎಕರೆ ಹೋಗಿ ನೂರು ಸೆಂಟ್ಸ್ ಬಂತು!

ನಮ್ಮ ಕಾಸರಗೋಡಿನ ಬದಿಯಡ್ಕ ಕಡೆ ಜಾಗದ ಲೆಕ್ಕ ಸೆಂಟ್ಸಿನಲ್ಲಿ. ನೂರು ಸೆಂಟ್ಸಿಗೆ ಒಂದು ಎಕರೆ. ಇಷ್ಟು ಗೊತ್ತಿದ್ದವರಿಗೆ ಶೇರು ಸ್ಪ್ಲಿಟ್ ಅಂದರೆ ಏನೆಂದು ಹೇಳಿಕೊಡಬೇಕಾಗಿಲ್ಲ. ಆದರೂ ಮೊನ್ನೆ ಪಕ್ಕದ ಮನೆ ಭಾವ ಅರ್ಧ ಕಿಲೋ ಜಿಲೇಬಿ ಹಿಡಿದುಕೊಂಡು ಬಂದರು.

"ಎಂತ ವಿಶೇಷ ಭಾವ?"

"ಹತ್ತು ಶೇರು ಇತ್ತಲ್ಲ, ಐವತ್ತು ಆಯ್ತು ಮಾರಾಯ!"

ಕಂಪೆನಿ ತನ್ನ ಹತ್ತು ರೂಪಾಯಿ ಮುಖಬೆಲೆಯ (ಮಾರ್ಕೆಟ್ ರೇಟಲ್ಲ, ಶೇರಿನ ಮೇಲೆ ಬರೆದ ಬೆಲೆ) ಶೇರನ್ನು ಎರಡು ರೂಪಾಯಿಯ ಐದು ಶೇರಾಗಿ ಒಡೆದಿತ್ತು. ಮಾರ್ಕೆಟ್ಟಿನಲ್ಲಿ 2,000 ಇದ್ದ ಬೆಲೆ 400 ಆಗಿತ್ತು. ಆಗಲೂ 20,000, ಈಗಲೂ 20,000. ಅಂಗಳದಲ್ಲಿ ಅಡಿಕೆ ಹೆಕ್ಕುತ್ತಿದ್ದ ಅಮ್ಮ ತಲೆ ಎತ್ತದೆ ಕೇಳಿದರು: "ಕಾಯಿ ಒಡೆದರೆ ಎರಡು ಕಡಿ ಆಗ್ತದೆ, ಎರಡು ಕಾಯಿ ಆಗ್ತದಾ?" ಭಾವನಿಗೆ ಕೇಳಿಸಲಿಲ್ಲ.

ಇದೇ ಭಾವ ಎರಡು ದಿನದ ಹಿಂದೆ ಸೂತಕದ ಮನೆಯವರ ಹಾಗೆ ಜಗಲಿಯಲ್ಲಿ ಕೂತಿದ್ದರು. ಬೆಲೆ ಬೆಳಗ್ಗೆಯೇ 400ಕ್ಕೆ ಇಳಿದಿತ್ತು, ಹೊಸ ಶೇರು ಖಾತೆಗೆ ಇನ್ನೂ ಬಿದ್ದಿರಲಿಲ್ಲ, ಫೋನು ತನ್ನಷ್ಟಕ್ಕೆ ಹತ್ತನ್ನು ನಾನೂರರಿಂದ ಗುಣಿಸಿ ಶೇಕಡಾ 80 ನಷ್ಟ ಅಂತ ಕೆಂಪಕ್ಷರದಲ್ಲಿ ತೋರಿಸುತ್ತಿತ್ತು, ಭಾವ ಅಡಿಕೆ ಸುಲಿಯುವವರಿಗೆ ಚಾಯ ಕೊಡುವುದನ್ನೂ ಮರೆತಿದ್ದರು. ಹೋಗದ ದುಡ್ಡಿಗೆ ಅತ್ತದ್ದೂ ಆಯಿತು, ಬಾರದ ದುಡ್ಡಿಗೆ ಜಿಲೇಬಿ ಹಂಚಿದ್ದೂ ಆಯಿತು.

ಕಂಪೆನಿಗಳದ್ದು ಪೂರ್ತಿ ನಾಟಕ ಅಂತ ನಾನು ಹೇಳುವುದಿಲ್ಲ. 2,000 ಕೊಡಲಾಗದವನು 400 ಕೊಟ್ಟು ಒಂದು ಶೇರು ತೆಗೆದುಕೊಳ್ಳಬಹುದು, ವ್ಯಾಪಾರ ಜಾಸ್ತಿ ಆಗುತ್ತದೆ. ಅಷ್ಟೇ. ಅದಕ್ಕೆ "ಹೂಡಿಕೆದಾರರಿಗೆ ಸಿಹಿಸುದ್ದಿ" ಅಂತ ಯಾಕೆ ಡಂಗುರ? ಎಂಆರ್‌ಎಫ್‌ ವರ್ಷಗಟ್ಟಲೆ ಒಡೆಯದೆ ಕೂತು 2023ರ ಜೂನ್‌ನಲ್ಲಿ ಒಂದು ಶೇರಿಗೆ ಲಕ್ಷ ರೂಪಾಯಿ ದಾಟಿತು, ಅದರ ಟಯರೇನೂ ತಿರುಗುವುದನ್ನು ನಿಲ್ಲಿಸಲಿಲ್ಲ. ಅತ್ತ ರೈಲು ಟಿಕೆಟ್ ಮಾರುವ ಐಆರ್‌ಸಿಟಿಸಿ 2021ರ ಅಕ್ಟೋಬರ್‌ನಲ್ಲಿ ಒಂದನ್ನು ಐದು ಮಾಡಿತು. ಅದೇ ದಿನ ಸಂಜೆ ರೈಲ್ವೆಯವರು ಟಿಕೆಟ್ ಬುಕಿಂಗ್ ಶುಲ್ಕದಲ್ಲಿ ನಮಗೆ ಅರ್ಧ ಕೊಡಿ ಅಂದರು. ಪಾಲಾದ ಮನೆಗೆ ದೊಡ್ಡಪ್ಪ ಬಂದ ಹಾಗೆ! ಮರುದಿನ ಶೇರು ದಡಬಡ ಬಿತ್ತು, ರೈಲ್ವೆಯವರು ಅವತ್ತೇ ಮಾತು ಹಿಂದೆ ತೆಗೆದುಕೊಂಡರು.

ಡಿವಿಡೆಂಡಿನದ್ದು, ಅಂದರೆ ಕಂಪೆನಿ ಲಾಭದಲ್ಲಿ ಹಂಚುವ ಪಾಲಿನದ್ದು, ಇನ್ನೊಂದು ತಮಾಷೆ. "ಶೇಕಡಾ 200 ಡಿವಿಡೆಂಡ್" ಅಂತ ಪೇಪರಿನಲ್ಲಿ ಬರುತ್ತದೆ, ಅದು ಮುಖಬೆಲೆಯ ಮೇಲೆ. ಮುಖಬೆಲೆ ಒಂದು ರೂಪಾಯಿಯಾದರೆ ಕೈಗೆ ಬರುವುದು ಎರಡು ರೂಪಾಯಿ. 800 ರೂಪಾಯಿ ಕೊಟ್ಟು ಕೊಂಡವನಿಗೆ ಅದು ಶೇಕಡಾ ಕಾಲು!

ಸ್ಪ್ಲಿಟ್ ಉಲ್ಟಾ ಆದರೆ ಕನ್ಸಾಲಿಡೇಶನ್. ಭಾವನ ಹತ್ತಿರ ಇನ್ನೊಂದು ಕಂಪೆನಿಯ ಶೇರುಗಳಿದ್ದವು, ಮಾರ್ಕೆಟ್ಟಿನಲ್ಲಿ ಒಂದಕ್ಕೆ ಎರಡೇ ರೂಪಾಯಿ, ಅಡಿಕೆಯಲ್ಲಿ ಹಾಳಾದ ಕರಿಗೋಟು ಇದ್ದ ಹಾಗೆ. ಆ ಕಂಪೆನಿ ಹತ್ತನ್ನು ಸೇರಿಸಿ ಒಂದು ಮಾಡಿತು, ಬೆಲೆ 20 ಆಯಿತು. ದೊಡ್ಡವರೂ ಹೀಗೆ ಮಾಡಿದ್ದಾರೆ. ಅಮೆರಿಕದ ಸಿಟಿ ಗ್ರೂಪ್ 2011ರ ಮೇನಲ್ಲಿ ಹತ್ತಕ್ಕೊಂದು ಮಾಡಿ ನಾಲ್ಕೂವರೆ ಡಾಲರಿನ ಶೇರನ್ನು ನಲವತ್ತೈದರ ಹತ್ತಿರ ತಂದು ನಿಲ್ಲಿಸಿತು. ಕರಿಗೋಟಿಗೆ ದೊಡ್ಡ ಗೋಣಿ ಹಾಕಿದರೆ ಒಳ್ಳೆ ಚಾಲಿ ಅಡಿಕೆಯ ರೇಟು ಸಿಗುತ್ತದಾ? ಭಾವ ಮಾತ್ರ "ಹತ್ತು ಪಟ್ಟು!" ಅನ್ನುತ್ತಾ ಮತ್ತೆ ಓಡಿ ಬಂದರು.

"ಎಷ್ಟು ಶೇರಿತ್ತು ಭಾವ?"

"ನೂರಾ ಮೂವತ್ತೇಳು."

ಅಂದರೆ ಈಗ ಹದಿಮೂರು. ಉಳಿದ ಏಳು ಹಳೆ ಶೇರಿಗೆ ಪೂರ್ತಿ ಒಂದು ಹೊಸ ಶೇರು ಬರುವುದಿಲ್ಲ. ಇಂಥ ಚಿಲ್ಲರೆಯನ್ನೆಲ್ಲ ಒಟ್ಟು ಮಾಡಿ ಮಾರಿ, ಅವರವರ ಪಾಲಿನ ದುಡ್ಡನ್ನು ಖಾತೆಗೆ ಹಾಕುತ್ತಾರೆ. ಭಾವನಿಗೆ 14 ರೂಪಾಯಿ ಬಂತು.

"ಎಂತ ಅನ್ಯಾಯ ಮಾರಾಯ, ನಾವು ಚಿಲ್ಲರೆಯಾ?"

ಕಾಸರಗೋಡಿನವರು ಕೇಳುವ ಪ್ರಶ್ನೆಯಾ ಇದು! 1956ರಲ್ಲಿ ರಾಜ್ಯಗಳ ಕನ್ಸಾಲಿಡೇಶನ್ ಆದಾಗ ಕೇರಳದ ಪಾಲಾಗಿ ಉಳಿದ ಕನ್ನಡದ ಚಿಲ್ಲರೆ ನಾವೇ ಅಲ್ವಾ? ಚಂದ್ರಗಿರಿ ಹೊಳೆಯ ಉತ್ತರಕ್ಕಿರುವವರನ್ನು ಮೈಸೂರು ರಾಜ್ಯಕ್ಕೆ ಸೇರಿಸಿ ಅಂತ ಗಡಿ ತಕರಾರು ನೋಡಿದ ಮಹಾಜನ ಆಯೋಗ 1967ರಲ್ಲಿ ಬರೆದುಕೊಟ್ಟದ್ದು ಇನ್ನೂ ನಮ್ಮ ಖಾತೆಗೆ ಬಿದ್ದಿಲ್ಲ. ಭಾವನಿಗೆ ಹದಿನಾಲ್ಕು ರೂಪಾಯಿಯಾದರೂ ಬಂತು. ಬನ್ನಿ ಭಾವ, ಒಂದು ಚಾಯ ಕುಡಿಯುವಾ, ದುಡ್ಡು ನೀವೇ ಕೊಡಿ.